ಟೀಕಿಸಿದವರು ಯಾರು ಎಂದು ಕೇಳುವ ಮೊದಲು

2022ರ ಫೆಬ್ರುವರಿ 3ರಂದು ಕುಂದಾಪುರದ ಸರ್ಕಾರಿ ಪದವಿಪೂರ್ವ ಕಾಲೇಜಿನ ಗೇಟು, ಹಿಜಾಬ್ ಧರಿಸಿ ಬಂದ ವಿದ್ಯಾರ್ಥಿನಿಯರ ಎದುರಿಗೇ ಮುಚ್ಚಿತು. ಪರೀಕ್ಷೆಗೆ ಎರಡೇ ತಿಂಗಳು ಉಳಿದಿದೆ, ಒಳಗೆ ಬಿಡಿ ಎಂದು ಆ ಹುಡುಗಿಯರು ಗೇಟಿನಾಚೆ ನಿಂತು ಬೇಡಿಕೊಂಡದ್ದನ್ನು ಇಡೀ ದೇಶ ನೋಡಿತು. ಎರಡು ದಿನ ಕಳೆಯುವುದರೊಳಗೆ ಸಮವಸ್ತ್ರದ ಬಗ್ಗೆ ಸರ್ಕಾರದ ಆದೇಶ ಬಂತು. ಮಾರ್ಚ್ 15ರಂದು ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಆ ತಿಂಗಳುಗಳಲ್ಲಿ ಕರ್ನಾಟಕದ ಸ್ತ್ರೀವಾದಿಗಳು ಎರಡೂ ಕಡೆಯಿಂದ ಮಾತು ಕೇಳಬೇಕಾಯಿತು. ಇರಾನಿನ ಹೆಂಗಸರು ಹಿಜಾಬ್ ಸುಡುತ್ತಿರುವಾಗ ನೀವು ಅದರ ಪರ ನಿಂತಿದ್ದೀರಲ್ಲ ಎಂದು ಒಂದು ಕಡೆಯವರು, ನಮ್ಮ ಹೆಣ್ಣುಮಕ್ಕಳ ಉಡುಪಿನ ಬಗ್ಗೆ ಮಾತಾಡಲು ನೀವ್ಯಾರು ಎಂದು ಇನ್ನೊಂದು ಕಡೆಯವರು. ಇಂಥ ಹೊತ್ತಿನಲ್ಲಿ ಯಾವ ಚಳವಳಿಗಾದರೂ ನಾಲಗೆಯ ತುದಿಗೆ ಬರುವ ಉತ್ತರ ಒಂದೇ: ಹೆಣ್ಣಿನ ಪರ ಒಂದು ದಿನವೂ ದನಿಯೆತ್ತದ ನಿಮಗೆ ಕೇಳುವ ಹಕ್ಕೇನಿದೆ? ಆ ಸಿಟ್ಟು ಸಕಾರಣವಾದದ್ದೇ. ಆದರೆ ಅದರಿಂದ ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟಂತಾಗುವುದಿಲ್ಲ. ಟೀಕೆಯನ್ನು ಟೀಕಾಕಾರನ ವಿಳಾಸ ನೋಡಿ ತೂಗುವ ಅಭ್ಯಾಸ ಬೆಳೆದರೆ ನಷ್ಟವಾಗುವುದು ಚಳವಳಿಗೇ. ಮಾತು ನಿಜವೇ, ಅದನ್ನು ಒಪ್ಪಿದರೆ ಯಾವ ಹೆಣ್ಣಿನ ಬದುಕಿಗೆ ಏನಾಗುತ್ತದೆ ಎಂಬ ಎರಡು ಪ್ರಶ್ನೆಗಳು ಮೊದಲು ಬರಬೇಕು.

ಇದಕ್ಕೆ ನಮ್ಮ ಚರಿತ್ರೆಯಲ್ಲೇ ದೊಡ್ಡ ಸಾಕ್ಷಿಯಿದೆ. 1927ರಲ್ಲಿ ಅಮೆರಿಕದ ಕ್ಯಾಥರಿನ್ ಮೇಯೊ ‘ಮದರ್ ಇಂಡಿಯಾ’ ಪ್ರಕಟಿಸಿದಳು. ಬಾಲ್ಯವಿವಾಹ, ಎಳೆಯ ಹುಡುಗಿಯರ ಬಸಿರು, ಹೆರಿಗೆಯ ದುಃಸ್ಥಿತಿ ಇವನ್ನೆಲ್ಲ ಪಟ್ಟಿ ಮಾಡಿ, ಭಾರತೀಯರು ಸ್ವರಾಜ್ಯಕ್ಕೆ ಯೋಗ್ಯರಲ್ಲ ಎಂದು ಸಾಧಿಸಲು ಹೊರಟ ಪುಸ್ತಕ ಅದು. ಹೊರಗಿನವರ ಟೀಕೆ ಇದಕ್ಕಿಂತ ದುರುದ್ದೇಶದ್ದಾಗಿರುವುದು ಕಷ್ಟ. ಗಾಂಧೀಜಿ ಅದನ್ನು ಚರಂಡಿ ತನಿಖಾಧಿಕಾರಿಯ ವರದಿ ಎಂದು ಕರೆದರು. ಆದರೆ ಆರೋಪಗಳ ಹಿಂದಿರುವ ನಿಜವನ್ನು ಮರೆಯಬಾರದೆಂದೂ ಎಚ್ಚರಿಸಿದರು. ಲಾಲಾ ಲಜಪತ ರಾಯರು ಪುಸ್ತಕಕ್ಕೆ ಪುಸ್ತಕದಲ್ಲೇ ಉತ್ತರ ಬರೆದರು. ಹೆಂಗಸರು ಮಾಡಿದ್ದು ಬೇರೆ. ಅದೇ ವರ್ಷ ಪುಣೆಯಲ್ಲಿ ಹುಟ್ಟಿದ ಅಖಿಲ ಭಾರತ ಮಹಿಳಾ ಸಮ್ಮೇಳನಕ್ಕೆ ಆರಂಭದ ವರ್ಷಗಳಲ್ಲಿ ಸಂಘಟನಾ ಕಾರ್ಯದರ್ಶಿಯಾಗಿ ದುಡಿದವರು ನಮ್ಮ ಕರಾವಳಿಯ, ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ. ಮೇಯೊಳ ತೀರ್ಮಾನವನ್ನು ಮಹಿಳಾ ಸಂಘಟನೆಗಳು ಖಂಡಿಸಿದವು. ಆದರೆ ಅವಳು ಎಬ್ಬಿಸಿದ ಗದ್ದಲ ತಣ್ಣಗಾಗಲು ಬಿಡಲಿಲ್ಲ. ಬಾಲ್ಯವಿವಾಹ ನಮ್ಮ ಮನೆಯ ಹುಳುಕು, ಅದನ್ನು ತೆಗೆಯಲು ಕಾನೂನು ತನ್ನಿ ಎಂದು ಶಾಸನಸಭೆಯ ಮೇಲೆ ಒತ್ತಡ ಹಾಕಿದವು. 1929ರಲ್ಲಿ ಶಾರದಾ ಕಾಯ್ದೆ ಬಂತು. ಹುಡುಗಿಯ ಮದುವೆಗೆ ಕನಿಷ್ಠ 14 ವರ್ಷ ಎಂದು ನಿಗದಿಯಾಯಿತು. ಟೀಕಿಸಿದವಳ ಉದ್ದೇಶ ಸೋತಿತು, ಟೀಕೆಯಲ್ಲಿದ್ದ ಸತ್ಯ ಹೆಣ್ಣುಮಕ್ಕಳ ಪಾಲಿಗೆ ದಕ್ಕಿತು.

ಹೊರಗಿನವರೆಲ್ಲ ಒಂದೇ ಬಗೆಯವರಲ್ಲ ಎಂಬುದನ್ನೂ ಗಮನಿಸಬೇಕು. ಅಧಿಕಾರದ ಎತ್ತರದಲ್ಲಿ ಕುಳಿತು ಹೊರಗಿರುವವರು ಬೇರೆ, ಚಳವಳಿಯೇ ಒಳಗೆ ಕರೆಯದ್ದರಿಂದ ಹೊರಗುಳಿದವರು ಬೇರೆ. ಮಹಿಳಾ ಚಳವಳಿ ಮೇಲ್ಜಾತಿಯ, ಓದಿದ ಹೆಂಗಸರ ಕಷ್ಟವನ್ನೇ ಎಲ್ಲ ಹೆಂಗಸರ ಕಷ್ಟವೆಂದು ತಿಳಿದಿದೆ ಎಂದು ದಲಿತ ಮಹಿಳೆಯರು ಮತ್ತೆ ಮತ್ತೆ ಹೇಳಿದರು. ಬೆಂಗಳೂರಿನ ರೂತ್ ಮನೋರಮಾ ಅವರ ಮುಂದಾಳತನದಲ್ಲಿ 1995ರಲ್ಲಿ ದಲಿತ ಮಹಿಳೆಯರ ರಾಷ್ಟ್ರೀಯ ಒಕ್ಕೂಟ ರೂಪುಗೊಂಡಿತು. ಜಾತಿ, ಬಡತನ, ಹೆಣ್ಣುತನ ಮೂರೂ ಒಂದೇ ಹೆಗಲ ಮೇಲೆ ಬೀಳುವುದು ಹೇಗೆಂದು ಅವರು ಜಗತ್ತಿನ ವೇದಿಕೆಗಳಲ್ಲಿ ವಿವರಿಸಿದರು. ಈ ಮಾತಿಗೆ ಬೇಗ ಕಿವಿಗೊಟ್ಟಿದ್ದರೆ ಚಳವಳಿ ಎಷ್ಟೋ ವರ್ಷ ಮೊದಲೇ ಗಟ್ಟಿಯಾಗುತ್ತಿತ್ತು. ಗಂಗೊಳ್ಳಿಯ ಬಂದರಿನಲ್ಲೋ ಕೋಡಿಯ ಕಡಲ ಬದಿಯಲ್ಲೋ ಮೀನು ಮಾರಿ ಮನೆ ನಡೆಸುವ ಹೆಂಗಸು, ನಿಮ್ಮ ಸಭೆಯಲ್ಲಿ ನನ್ನ ಕಸುಬಿನ ಮಾತೇ ಇಲ್ಲ ಎಂದರೆ ಅವಳನ್ನು ಚಳವಳಿಯ ವಿರೋಧಿ ಎನ್ನಲಾಗದು. ಅವಳ ಮಾತು ಚಳವಳಿಗೆ ಸಿಗುವ ಅತ್ಯಂತ ಬೆಲೆಯುಳ್ಳ ಟೀಕೆ.

ಇದಕ್ಕೊಂದು ಬಲವಾದ ಆಕ್ಷೇಪವಿದೆ. ಒಳಗಿನ ತಪ್ಪು ಒಪ್ಪಿಕೊಂಡರೆ ವೈರಿಯ ಕೈಗೆ ಕತ್ತಿ ಕೊಟ್ಟಂತಾಗುತ್ತದೆ ಎನ್ನುವವರಿದ್ದಾರೆ. ಈ ಭಯ ಕಾಲ್ಪನಿಕವಲ್ಲ. ವಿಚ್ಛೇದಿತ ಮುಸ್ಲಿಂ ಹೆಣ್ಣಿಗೆ ಜೀವನಾಂಶದ ಹಕ್ಕನ್ನು ಎತ್ತಿಹಿಡಿದ 1985ರ ಶಾಬಾನೊ ತೀರ್ಪಿನ ನಂತರ ಮುಸ್ಲಿಂ ಹೆಣ್ಣಿನ ಹಕ್ಕಿನ ಪ್ರಶ್ನೆ ಕೋಮು ರಾಜಕಾರಣದ ಸರಕಾಯಿತು. ಅದುವರೆಗೆ ಏಕರೂಪ ನಾಗರಿಕ ಸಂಹಿತೆ ಬೇಕೆನ್ನುತ್ತಿದ್ದ ಎಷ್ಟೋ ಮಹಿಳಾ ಸಂಘಟನೆಗಳು, ಆ ಬೇಡಿಕೆ ಬೇರೆಯವರ ಕೈಯಲ್ಲಿ ಬೇರೆ ಉದ್ದೇಶಕ್ಕೆ ಬಳಕೆಯಾಗುವುದನ್ನು ಕಂಡು, ಏಕರೂಪತೆಗಿಂತ ಸಮಾನತೆ ಮುಖ್ಯ, ಎಲ್ಲ ಧರ್ಮಗಳ ಕಾನೂನುಗಳಲ್ಲೂ ಅದು ಬರಲಿ ಎಂಬ ನಿಲುವಿಗೆ ಬಂದವು. ಅವು ಬಾಯಿ ಮುಚ್ಚಿಕೊಳ್ಳಲಿಲ್ಲ, ಬೇಡಿಕೆಯನ್ನು ತಿದ್ದಿಕೊಂಡವು. ಮೌನ ಕಾಪಾಡುತ್ತದೆ ಎಂಬುದನ್ನು ಸುಳ್ಳು ಮಾಡಿದ ಇನ್ನೊಂದು ಬದುಕು ಲೇಖಕಿ ಸಾರಾ ಅಬೂಬಕ್ಕರ್ ಅವರದು. ಕಾಸರಗೋಡಿನಲ್ಲಿ ಹುಟ್ಟಿ ಮಂಗಳೂರಿನಲ್ಲಿ ಬಾಳಿದ ಅವರು ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯಲ್ಲಿ ತಲಾಖಿನ ಕ್ರೌರ್ಯವನ್ನು ನೇರವಾಗಿ ಬರೆದರು. ಸಮುದಾಯದ ಸಂಪ್ರದಾಯವಾದಿಗಳ ವಿರೋಧ ಎದುರಿಸಿದರು. ಅದೇ ಸಾರಾ ಹಿಂದೂ ಕೋಮುವಾದವನ್ನೂ ಅಷ್ಟೇ ನಿಷ್ಠುರವಾಗಿ ವಿರೋಧಿಸಿದರು. ಎರಡನ್ನೂ ಒಟ್ಟಿಗೆ ಹೇಳಬಲ್ಲವರ ಮಾತನ್ನು ಕದ್ದು ಬಳಸುವುದು ವೈರಿಗೆ ಸುಲಭವಲ್ಲ. ತಾನು ಮುಚ್ಚಿಟ್ಟದ್ದನ್ನು ಬೇರೆಯವರು ತೆರೆದು ತೋರಿಸಿದಾಗಲೇ ಚಳವಳಿ ನಿಜವಾಗಿ ದುರ್ಬಲವಾಗುವುದು.

ಅನುಭವಿಸಿದವರಿಗಷ್ಟೇ ಮಾತಾಡುವ ಹಕ್ಕು ಎಂಬುದು ಇನ್ನೊಂದು ಆಕ್ಷೇಪ. ನಮ್ಮ ಸಾಹಿತ್ಯವನ್ನು ನೋಡಿದರೆ ಇದು ಅರ್ಧ ಸತ್ಯ. ಕೋಟದ ಶಿವರಾಮ ಕಾರಂತರು 1941ರಲ್ಲಿ ಪ್ರಕಟವಾದ ‘ಮರಳಿ ಮಣ್ಣಿಗೆ’ಯಲ್ಲಿ ಕೋಡಿಯ ಒಂದು ಮನೆತನದ ಕಥೆ ಹೇಳಿದರು. ಮಕ್ಕಳಿಲ್ಲದ್ದಕ್ಕೆ ಸವತಿಯನ್ನು ಸಹಿಸಿದ ಪಾರೋತಿ, ತವರಿನಲ್ಲೇ ಜೀವ ತೇಯ್ದ ವಿಧವೆ ಸರಸೋತಿ, ಗಂಡನಿಂದ ನೊಂದ ನಾಗವೇಣಿ ಇವರ ದುಡಿಮೆಯೇ ಆ ಮನೆಯನ್ನು ನಿಲ್ಲಿಸಿತ್ತು ಎಂಬುದನ್ನು ಕಂಡು ಕಾಣಿಸಿದವನು ಒಬ್ಬ ಗಂಡಸು. ಹೆಣ್ಣಿನ ಬದುಕಿಗೆ ಹೊರಗಿನವನಾದರೂ ಆತನ ಕಣ್ಣು ಸುಳ್ಳು ಹೇಳಲಿಲ್ಲ. ಆದರೆ ಅದೇ ಸೀಮೆಯ ಒಳಮನೆ, ಅಡುಗೆಮನೆ, ಹಿತ್ತಿಲುಗಳಲ್ಲಿ ಹೆಂಗಸರು ತಮ್ಮತಮ್ಮಲ್ಲೇ ಆಡಿಕೊಳ್ಳುವ ಮಾತು ಕನ್ನಡಕ್ಕೆ ಪೂರ್ತಿಯಾಗಿ ಕೇಳಿಸಿದ್ದು ಕುಂದಾಪುರದ ವೈದೇಹಿ ಬರೆದಾಗ. ಅವರ ಕಥೆಯಲ್ಲಿ ಮನೆಯವರು ಹುಚ್ಚಿ ಎಂದು ಬದಿಗಿಟ್ಟ ‘ಅಕ್ಕು’ವಿನ ಮಾತಿನಲ್ಲಿ ಎಷ್ಟು ವಿವೇಕವಿದೆಯೆಂದು ಹೊರಗೆ ನಿಂತವರಿಗೆ ತಿಳಿಯುವುದು ಕಷ್ಟವಿತ್ತು. ಹೊರಗಿನವರಿಗೂ ಸತ್ಯ ಕಾಣುತ್ತದೆ, ಆದರೆ ಎಲ್ಲವೂ ಕಾಣುವುದಿಲ್ಲ. ಆದ್ದರಿಂದ ಅವರ ಮಾತನ್ನು ಕೇಳಬೇಕು. ಅವರೂ ತಿದ್ದಿಸಿಕೊಳ್ಳಲು ಸಿದ್ಧರಿರಬೇಕು.

ಬಂದ ಬಂದ ಬೈಗುಳಕ್ಕೆಲ್ಲ ಚಳವಳಿ ಉತ್ತರಿಸುತ್ತ ಕೂರಬೇಕೆಂದು ಇದರ ಅರ್ಥವಲ್ಲ. ನಿಂದನೆಗೆ, ಬೆದರಿಕೆಗೆ ಉತ್ತರದ ಋಣವಿಲ್ಲ. ಆಧಾರ ಮುಂದಿಟ್ಟು ಕೇಳಿದವರಿಗೆ ಮಾತ್ರ ಅದು ಸಲ್ಲಬೇಕು. ಕುಂದಾಪುರದ ಗೇಟಿನ ಮುಂದೆ ಈ ಅಳತೆಗೋಲು ಹಿಡಿದರೆ ದಾರಿ ಸ್ಪಷ್ಟವಾಗುತ್ತದೆ. ಧರ್ಮದ ಹೆಸರಿನಲ್ಲಿ ಹೆಣ್ಣಿನ ಉಡುಪನ್ನು ಗಂಡಸರು ನಿರ್ಧರಿಸುತ್ತಾರೆ ಎಂಬ ಟೀಕೆಯಲ್ಲಿ ಸತ್ಯವಿದೆ, ಸ್ತ್ರೀವಾದ ಅದನ್ನು ಯಾರ ಮುಲಾಜಿಗೂ ಬೀಳದೆ ಹೇಳಬೇಕು. ಆದರೆ ಆ ಸತ್ಯದ ಹೆಸರಿನಲ್ಲಿ ತರಗತಿಯ ಬಾಗಿಲು ಮುಚ್ಚಿದರೆ ಮೊದಲು ಪಾಠ ಕಳೆದುಕೊಳ್ಳುವವಳು ಆ ಹುಡುಗಿಯೇ. ಇರಾನಿನಲ್ಲಿ ಹೊದೆಯಲೇಬೇಕು ಎಂಬ ಬಲವಂತ, ಇಲ್ಲಿ ತೆಗೆಯಲೇಬೇಕು ಎಂಬ ಬಲವಂತ. ಎರಡು ಕಡೆಯೂ ಹೆಣ್ಣನ್ನು ಯಾರೂ ಕೇಳಲಿಲ್ಲ. ಎರಡನ್ನೂ ಒಂದೇ ಉಸಿರಿನಲ್ಲಿ ವಿರೋಧಿಸುವುದೇ ಸರಿಯಾದ ಉತ್ತರ. ಟೀಕೆ ಬಂದಾಗ ಚಳವಳಿಯ ಗೆಳೆಯರು ಬಾಯಿ ತೆರೆಯುವ ಮೊದಲು ಆ ಹುಡುಗಿಯರ ಬಳಿ ಹೋಗಿ ಕೇಳಲಿ. ಟೀಕಿಸುವವರೂ ಅಷ್ಟೇ: ಹೆಣ್ಣಿನ ಬಿಡುಗಡೆಯ ಬಗ್ಗೆ ನಿಜವಾದ ಕಾಳಜಿಯಿದ್ದರೆ, ಮೊದಲು ಅವಳ ಓದು ನಿಲ್ಲದಂತೆ ನೋಡಿಕೊಳ್ಳಲಿ.