ಮನೆ ನೋಡುವ ಮುಂಚೆ ಬೀದಿ ನೋಡೋಣ

ಕಳೆದ ನಾಲ್ಕು ತಿಂಗಳಿಂದ ನಮ್ಮ ಮನೆಯಲ್ಲಿ ಭಾನುವಾರ ಅಂದರೆ ಮನೆ ನೋಡುವ ದಿನ. ಹೆಣ್ಣು ನೋಡುವ ಶಾಸ್ತ್ರದ ಹಾಗೆ ಇದಕ್ಕೂ ಒಂದು ಕ್ರಮವಿದೆ. ಬೆಳಿಗ್ಗೆ ತಿಂಡಿ ಮುಗಿಸಿ ಹೊರಡಬೇಕು. ಸೇಲ್ಸ್ ಆಫೀಸಿನಲ್ಲಿ ಕೊಟ್ಟ ಕಾಫಿ ಕುಡಿಯಬೇಕು. ಅಪ್ಪ ಗೋಡೆ ತಟ್ಟಿ ನೋಡುತ್ತಾರೆ, ಅಮ್ಮ ಅಡುಗೆಮನೆಯ ನಲ್ಲಿ ತಿರುಗಿಸುತ್ತಾರೆ, ಅಜ್ಜಿ ಬಾಗಿಲು ಯಾವ ದಿಕ್ಕಿಗಿದೆ ಎಂದು ಕೇಳುತ್ತಾರೆ. ಕೊನೆಗೆ ‘ಮನೆಗೆ ಹೋಗಿ ತಿಳಿಸ್ತೀವಿ’ ಎಂದು ಹೇಳಿ ವಾಪಸ್ ಬರುತ್ತೇವೆ.

ನಾವು ಇರುವುದು ವಿಜಯನಗರದಲ್ಲಿ, ಬಾಡಿಗೆ ಮನೆಯಲ್ಲಿ. ಅಪ್ಪನಿಗೆ 45 ದಾಟಿದೆ. ಇನ್ನೂ ತಡ ಮಾಡಿದರೆ ಸಾಲದ ಅವಧಿ ಕಡಿಮೆಯಾಗಿ ತಿಂಗಳ ಕಂತು ಏರುತ್ತದೆ ಎಂಬ ಆತಂಕ ಅವರದ್ದು. ವಿಜಯನಗರದಲ್ಲಿ ಮನೆ ಕೊಳ್ಳುವ ಮಾತು ಕನಸಿನಲ್ಲೂ ಬೇಡ. ಹಾಗಾಗಿ ಸೋಸಿ ಸೋಸಿ ಈಗ ಎರಡು ಮನೆಗಳು ಉಳಿದಿವೆ. ಎರಡರ ಬೆಲೆಯೂ ಹೆಚ್ಚುಕಡಿಮೆ ಒಂದೇ, 72 ಲಕ್ಷದ ಆಸುಪಾಸು.

ಮೊದಲನೆಯದು ಮೈಸೂರು ರಸ್ತೆಯಲ್ಲಿ ಊರು ದಾಟಿದ ಮೇಲೆ, ಹೆದ್ದಾರಿಯಿಂದ ಒಳಗೆ ಹೋದರೆ ಸಿಗುವ ಹೊಸ ಅಪಾರ್ಟ್‌ಮೆಂಟು. 1,250 ಚದರ ಅಡಿ, ಮೂರು ಬೆಡ್‌ರೂಮು, ಈಜುಕೊಳ, ಜಿಮ್, ಮಕ್ಕಳ ಆಟದ ಜಾಗ. ಎರಡನೆಯದು ಕೆಂಗೇರಿ ಉಪನಗರದಲ್ಲಿ, ಹದಿನೈದು ವರ್ಷ ಹಳೆಯ ಕಟ್ಟಡದ ಮೊದಲ ಮಹಡಿಯ ಫ್ಲ್ಯಾಟು. 850 ಚದರ ಅಡಿ, ಎರಡೇ ಬೆಡ್‌ರೂಮು. ಲಿಫ್ಟ್ ಇಲ್ಲ. ಬಾತ್‌ರೂಮಿನ ಟೈಲ್ಸು ನನ್ನ ವಯಸ್ಸಿನದ್ದೇ ಇರಬೇಕು ಅನ್ನಿಸುತ್ತದೆ. ಆದರೆ ಮೆಟ್ಟಿಲಿಳಿದರೆ ಹಾಲಿನ ಬೂತು, ತರಕಾರಿ ಅಂಗಡಿ, ದರ್ಶಿನಿ, ಔಷಧಿ ಅಂಗಡಿ, ದೇವಸ್ಥಾನ, ಪಾರ್ಕು. ಹತ್ತು ನಿಮಿಷ ನಡೆದರೆ ಮೆಟ್ರೊ.

ಅಪ್ಪನ ಮನಸ್ಸು ಮೊದಲನೆಯದರ ಮೇಲಿದೆ. ನನ್ನ ವೋಟು ಎರಡನೆಯದಕ್ಕೆ. ಊಟದ ಹೊತ್ತಿನಲ್ಲಿ ಈ ಚರ್ಚೆ ಎಷ್ಟು ಸಲ ನಡೆದಿದೆಯೆಂದರೆ, ನನ್ನ ವಾದವನ್ನು ಒಮ್ಮೆ ನೆಟ್ಟಗೆ ಬರೆದುಬಿಡೋಣ ಅನ್ನಿಸಿತು. ನಿಮ್ಮ ಮನೆಯಲ್ಲೂ ಇದೇ ಚರ್ಚೆ ನಡೆಯುತ್ತಿದ್ದರೆ ಉಪಯೋಗಕ್ಕೆ ಬರಬಹುದು.

ಮೊದಲು ಅಪ್ಪನಿಗೆ ನ್ಯಾಯ ಸಲ್ಲಬೇಕು. ಹುಟ್ಟಿದಾಗಿನಿಂದ ಚಿಕ್ಕ ಮನೆಗಳಲ್ಲೇ ಇದ್ದವರು ಅವರು. ನೆಂಟರು ಬಂದರೆ ಹಾಲಿನಲ್ಲಿ ಚಾಪೆ ಹಾಸಿ ಮಲಗಿದವರು. ನಾನು ಪರೀಕ್ಷೆಗೆ ಓದುವಾಗ ಟಿವಿ ಆಫ್ ಮಾಡಿ ಹೊರಗೆ ಹೋಗಿ ನಿಂತವರು. ‘ನಿನಗೊಂದು ರೂಮು, ಅಜ್ಜಿಗೊಂದು ರೂಮು ಆಗ್ಲಿ ಪುಟ್ಟಿ’ ಎಂದು ಅವರು ಹೇಳಿದಾಗ ನನಗೆ ಮಾತೇ ಹೊರಡುವುದಿಲ್ಲ. 400 ಚದರ ಅಡಿ ಅಂದರೆ ಕೇವಲ ಅಂಕಿ ಅಲ್ಲ, ಒಂದು ಕೋಣೆ ಮತ್ತು ಒಂದು ಬಾಲ್ಕನಿ. ಅದನ್ನು ಬಿಟ್ಟುಕೊಡಿ ಎಂದು ಕೇಳುವವಳಿಗೆ ಸರಿಯಾದ ಕಾರಣ ಇರಲೇಬೇಕು.

ನನ್ನ ಮೊದಲ ಕಾರಣ ಅಜ್ಜಿ. ಎರಡು ವರ್ಷದ ಹಿಂದೆ ಚಿಕ್ಕಪ್ಪನಿಗೆ ಮಗು ಹುಟ್ಟಿದಾಗ ಅಜ್ಜಿ ಆರು ತಿಂಗಳು ಅವರ ಮನೆಯಲ್ಲಿದ್ದರು. ಅದೂ ಊರಾಚೆಯ ದೊಡ್ಡ ಅಪಾರ್ಟ್‌ಮೆಂಟೇ. ಹದಿನಾಲ್ಕನೇ ಮಹಡಿ, ಒಳ್ಳೆ ಗಾಳಿ, ಬೆಳಕು. ಇಲ್ಲಿ ದಿನಾ ಎರಡು ಸಲ ಹೊರಗೆ ಹೋಗಿ ಬರುತ್ತಿದ್ದ ಅಜ್ಜಿ ಅಲ್ಲಿ ಕೂತಲ್ಲೇ ಕೂತರು. ತರಕಾರಿ ಆ್ಯಪ್‌ನಲ್ಲಿ ಬರುತ್ತಿತ್ತು, ಹೂವು ಆ್ಯಪ್‌ನಲ್ಲಿ ಬರುತ್ತಿತ್ತು. ದೇವಸ್ಥಾನಕ್ಕೆ ಹೋಗಬೇಕೆಂದರೆ ಚಿಕ್ಕಪ್ಪ ಕಾರು ತೆಗೆಯಬೇಕು, ಅವರಿಗೆ ಬಿಡುವು ಭಾನುವಾರ ಮಾತ್ರ. ವಾಪಸ್ ಬಂದ ದಿನ ಅಜ್ಜಿ ಹೇಳಿದ್ದು ಇಷ್ಟೇ: ‘ಅಲ್ಲಿ ಎಲ್ಲಾ ಇತ್ತು ಕಣೇ. ಹೋಗೋಕ್ಕೆ ಜಾಗ ಇರಲಿಲ್ಲ ಅಷ್ಟೆ.’ ಅವರ ಮಂಡಿನೋವು ಜಾಸ್ತಿಯಾಗಿದ್ದು ನಡೆದು ಅಲ್ಲ, ನಡೆಯದೆ.

ಮಹಿಳೆಯರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಶುರುವಾದ ಮೇಲಂತೂ ನಮ್ಮಜ್ಜಿ ಗೆಳತಿಯರ ಜೊತೆ ಊರೆಲ್ಲ ಸುತ್ತಿ ಬರುತ್ತಾರೆ. ಆದರೆ ಬಸ್ಸು ಉಚಿತವಾದರೆ ಸಾಲದು, ಬಸ್‌ಸ್ಟಾಪಿನವರೆಗೆ ನಡೆದು ಹೋಗುವ ಹಾಗಿರಬೇಕಲ್ಲ?

ಎರಡನೇ ಕಾರಣ ನಾನು. ನಾನು ಸಿವಿಲ್ ಎಂಜಿನಿಯರಿಂಗ್ ಐದನೇ ಸೆಮಿಸ್ಟರ್ ವಿದ್ಯಾರ್ಥಿನಿ. ಲ್ಯಾಬ್ ಮುಗಿಸಿ, ಲೈಬ್ರರಿಯಲ್ಲಿ ಸ್ವಲ್ಪ ಹೊತ್ತು ಕೂತು ಹೊರಟರೆ ಮನೆ ಸೇರುವಾಗ ಕತ್ತಲಾಗಿರುತ್ತದೆ. ಹೊಸ ಅಪಾರ್ಟ್‌ಮೆಂಟ್ ನೋಡಲು ಹೋದ ದಿನ ಎಲ್ಲರೂ ಈಜುಕೊಳ ನೋಡುತ್ತಿದ್ದಾಗ ನಾನು ಗೇಟಿನಿಂದ ಬಸ್‌ಸ್ಟಾಪಿಗೆ ನಡೆದುಕೊಂಡು ಹೋದೆ. ಫೋನು 1.8 ಕಿಲೋಮೀಟರ್ ತೋರಿಸಿತು. ದಾರಿಯುದ್ದಕ್ಕೂ ಎರಡೂ ಕಡೆ ಖಾಲಿ ಸೈಟು, ಕಾಂಪೌಂಡು ಗೋಡೆ. ಒಂದು ಅಂಗಡಿ ಇಲ್ಲ, ಒಂದು ಕಿಟಕಿ ಇಲ್ಲ. ಟಿಪ್ಪರ್ ಲಾರಿ ಬಂದಾಗಲೆಲ್ಲ ಮಣ್ಣಿಗೆ ಇಳಿಯಬೇಕಾಯಿತು. ವಾಪಸ್ ಬಂದು ಕೇಳಿದ್ದಕ್ಕೆ ಸೇಲ್ಸ್‌ನವರು ನಕ್ಕು, ‘ಇಲ್ಲಿ ಎಲ್ಲರ ಹತ್ರಾನೂ ಕಾರ್ ಇರತ್ತೆ ಮೇಡಂ’ ಎಂದರು. ನನ್ನ ಹತ್ತಿರ ಇಲ್ಲವಲ್ಲ!

ನಮಗೆ ಪಾಠದಲ್ಲಿ ಬರುವ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿ, ಅಂದರೆ ಐಆರ್‌ಸಿ 103, ವಸತಿ ಪ್ರದೇಶದ ಫುಟ್‌ಪಾತಿನಲ್ಲಿ ನಡೆಯಲು ಕನಿಷ್ಠ 1.8 ಮೀಟರ್ ಅಗಲದ ಜಾಗ ಅಡೆತಡೆಯಿಲ್ಲದೆ ಇರಬೇಕು ಎನ್ನುತ್ತದೆ. ಎದುರುಬದುರು ಬಂದ ಇಬ್ಬರು ಆರಾಮಾಗಿ ಹಾದುಹೋಗುವಷ್ಟು. ಪರೀಕ್ಷೆಯಲ್ಲಿ ಅದನ್ನು ಬರೆದರೆ ಅಂಕ ಸಿಗುತ್ತದೆ, ಬೀದಿಯಲ್ಲಿ ಹುಡುಕಿದರೆ ಫುಟ್‌ಪಾತೇ ಸಿಗುವುದಿಲ್ಲ. 2016ರ ರೇರಾ ಕಾಯ್ದೆ ಬಂದ ಮೇಲೆ ಫ್ಲ್ಯಾಟಿನ ಕಾರ್ಪೆಟ್ ಏರಿಯಾ ಎಷ್ಟು ಎಂದು ಬಿಲ್ಡರ್ ಹೇಳಲೇಬೇಕು. ಗೇಟಿನಾಚೆ ಕಾಲಿಡಲು ಜಾಗ ಎಷ್ಟಿದೆ ಎಂದು ಯಾರೂ ಹೇಳುವುದಿಲ್ಲ. ನಾವೂ ಕೇಳುವುದಿಲ್ಲ.

ಜೇನ್ ಜೇಕಬ್ಸ್ ಎಂಬ ಲೇಖಕಿ ಅಮೆರಿಕದ ನಗರಗಳ ಬಗ್ಗೆ 1961ರಲ್ಲಿ ಬರೆದ ಪ್ರಸಿದ್ಧ ಪುಸ್ತಕದಲ್ಲಿ ಒಂದು ಸರಳ ವಿಚಾರವಿದೆ. ಬೀದಿ ಸುರಕ್ಷಿತವಾಗಿರುವುದು ಪೊಲೀಸರಿಂದ ಮಾತ್ರವಲ್ಲ, ಬೀದಿಯ ಮೇಲಿರುವ ಜನರ ಕಣ್ಣುಗಳಿಂದ ಎಂಬುದು. ಇದನ್ನು ತಿಳಿಯಲು ನಾನು ಪುಸ್ತಕ ಓದಬೇಕಿರಲಿಲ್ಲ. ವಿಜಯನಗರದಲ್ಲಿ ರಾತ್ರಿ ಎಂಟೂವರೆಗೆ ಮೆಟ್ರೊ ಇಳಿದು ಬರುವಾಗ ಹೂವಿನ ಅಮ್ಮ ಇರುತ್ತಾರೆ, ಇಸ್ತ್ರಿ ಅಂಗಡಿಯ ಅಣ್ಣ ಇರುತ್ತಾರೆ, ಪಾನಿಪುರಿ ಗಾಡಿಯ ಸುತ್ತ ಹತ್ತು ಜನ ಇರುತ್ತಾರೆ. ‘ಇವತ್ತು ಲೇಟಾಯ್ತಾ?’ ಎಂದು ಒಬ್ಬರಾದರೂ ಕೇಳುತ್ತಾರೆ. ಯಾವ ಅಪಾರ್ಟ್‌ಮೆಂಟಿನ ಸಿಸಿಟಿವಿ ಕ್ಯಾಮೆರಾವೂ ಈವರೆಗೆ ನನ್ನನ್ನು ಹಾಗೆ ಕೇಳಿಲ್ಲ.

ಮೂರನೇ ಕಾರಣ ಲೆಕ್ಕ. ಅಪ್ಪನಿಗೆ ಲೆಕ್ಕ ಇಷ್ಟ, ಹಾಗಾಗಿ ಒಂದು ಹಾಳೆ ತೆಗೆದುಕೊಂಡು ಕೂತೆವು. ಊರಾಚೆಯ ಮನೆಗೆ ಹೋದರೆ ಕಾರು ಬೇಕೇಬೇಕು, ನನಗೊಂದು ಸ್ಕೂಟರೂ ಬೇಕು. ವಾಹನಗಳ ಬೆಲೆಯನ್ನು ವರ್ಷಗಳಿಗೆ ಹಂಚಿ, ಪೆಟ್ರೋಲು, ವಿಮೆ, ಸರ್ವಿಸು ಸೇರಿಸಿ, ಅಪಾರ್ಟ್‌ಮೆಂಟಿನ ಹೆಚ್ಚಿನ ಮೇಂಟೆನೆನ್ಸ್ ಕೂಡಿಸಿ, ಈಗಿನ ಮೆಟ್ರೊ ಖರ್ಚನ್ನು ಕಳೆದೆವು. ಎಷ್ಟು ಹಿಡಿತದಲ್ಲಿ ಹಾಕಿದರೂ ತಿಂಗಳಿಗೆ 10 ಸಾವಿರ ರೂಪಾಯಿಗಿಂತ ಕೆಳಗೆ ಬರಲಿಲ್ಲ. ಶೇ 8.5ರ ಬಡ್ಡಿಯಲ್ಲಿ 15 ವರ್ಷಕ್ಕೆ ತೆಗೆದುಕೊಂಡ ಸುಮಾರು 10 ಲಕ್ಷ ರೂಪಾಯಿ ಸಾಲದ ಕಂತು ಅಷ್ಟೇ ಆಗುತ್ತದೆ. ಅಂದರೆ 72 ಲಕ್ಷದ ಆ ಮನೆಯ ನಿಜವಾದ ಬೆಲೆ ನಮ್ಮ ಮಟ್ಟಿಗೆ 82 ಲಕ್ಷ. ಮೂರನೇ ಬೆಡ್‌ರೂಮು ಪುಕ್ಕಟೆ ಅಲ್ಲ. ಅದರ ದುಡ್ಡನ್ನು ನಾವು ಬಿಲ್ಡರ್‌ಗೆ ಕೊಡುವ ಬದಲು ಪೆಟ್ರೋಲ್ ಬಂಕಿಗೆ ಕೊಡುತ್ತೇವೆ. ದಿನಾ ಟ್ರಾಫಿಕ್ಕಿನಲ್ಲಿ ಕಳೆಯುವ ಅಪ್ಪನ ಎರಡು ಗಂಟೆಯನ್ನು ಈ ಹಾಳೆಯಲ್ಲಿ ಬರೆಯಲೇ ಇಲ್ಲ.

ಬೆಂಗಳೂರಿಗೆ ಉಪನಗರ ಕಟ್ಟುವುದು ಹೊಸದೇನಲ್ಲ. ಇವತ್ತು ಊರಿನ ನಡುವೆ ಇರುವ ಮಲ್ಲೇಶ್ವರ ಮತ್ತು ಬಸವನಗುಡಿ 1890ರ ದಶಕದಲ್ಲಿ ಊರ ಹೊರಗೆ ರೂಪುಗೊಂಡ ಬಡಾವಣೆಗಳು. 1898ರಲ್ಲಿ ಪ್ಲೇಗ್ ಬಂದು ಪೇಟೆಯ ಇಕ್ಕಟ್ಟಿನಲ್ಲಿದ್ದ ಜನ ಸಾಯತೊಡಗಿದಾಗ ಈ ಹೊಸ ಬಡಾವಣೆಗಳ ಕೆಲಸ ಚುರುಕಾಯಿತು. ಆಗ ಕಾರು ಯಾರ ಹತ್ತಿರವೂ ಇರಲಿಲ್ಲ. ಹಾಗಾಗಿ ಮನೆ, ಮಾರುಕಟ್ಟೆ, ಶಾಲೆ, ದೇವಸ್ಥಾನ ಎಲ್ಲವೂ ಕಾಲ್ನಡಿಗೆಯಲ್ಲಿ ಸಿಗುವಂತೆಯೇ ಬೆಳೆಯಬೇಕಾಯಿತು. ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲಿ ಹಬ್ಬದ ಹಿಂದಿನ ದಿನ ಓಡಾಡಿ ನೋಡಿ. ಗಾಂಧಿಬಜಾರಿನಲ್ಲಿ ಹೂವು ಹಣ್ಣು ಕೊಂಡು, 1943ರಿಂದ ಇರುವ ವಿದ್ಯಾರ್ಥಿ ಭವನದ ಮುಂದೆ ದೋಸೆಗೆ ಕಾಯುತ್ತಾ ನಿಂತು ನೋಡಿ. ಕಾರ್ತಿಕ ಮಾಸದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆಗೆ ಹೋಗಿ ನೋಡಿ. ಶತಮಾನದ ಹಿಂದೆ ‘ಊರಾಚೆ’ ಎನಿಸಿಕೊಂಡ ಜಾಗಗಳು ಊರಿನ ಜೀವವಾಗಿದ್ದು ಹೇಗೆ ಎಂದು ಗೊತ್ತಾಗುತ್ತದೆ.

ಈಗ ಬಡಾವಣೆ ಕಟ್ಟುವ ಕ್ರಮವೇ ತಲೆಕೆಳಗು. ಮೊದಲು ಸೈಟು, ಆಮೇಲೆ ಮನೆ, ಆಮೇಲೆ ಕಾರು, ಆಮೇಲೆ ಟ್ರಾಫಿಕ್ಕು. ಬಸ್ಸು, ಫುಟ್‌ಪಾತು, ಮಾರುಕಟ್ಟೆ ಬರುವಷ್ಟರಲ್ಲಿ ಅಲ್ಲಿ ಹುಟ್ಟಿದ ಮಕ್ಕಳು ಕಾಲೇಜು ಮುಗಿಸಿರುತ್ತಾರೆ.

ನನ್ನ ವಾದದಲ್ಲೂ ತೊಡಕುಗಳಿವೆ. ಗೆಳತಿಯೊಬ್ಬಳು ಕೇಳಿದಳು: ‘ನಡೆದಾಡೋ ಏರಿಯಾ ಬೇಕು ಅಂತ ಎಲ್ಲರೂ ಅಲ್ಲೇ ಮುಗಿಬಿದ್ದರೆ ರೇಟು ಏರಲ್ವಾ? ಮಲ್ಲೇಶ್ವರದಲ್ಲಿ ಇವತ್ತು ಮೇಷ್ಟ್ರು ಒಬ್ಬರು ಮನೆ ತಗೊಳ್ಳೋಕ್ಕೆ ಆಗುತ್ತಾ?’ ಆಗುವುದಿಲ್ಲ. ಇಂಥ ಬೀದಿಗಳು ಊರಿನಲ್ಲಿ ಬೆರಳೆಣಿಕೆಯಷ್ಟು ಇರುವುದರಿಂದಲೇ ಅವು ದುಬಾರಿ. ಅದಕ್ಕೆ ಪರಿಹಾರ ಅವುಗಳನ್ನು ಮರೆಯುವುದಲ್ಲ, ಅಂಥವನ್ನು ಹೆಚ್ಚು ಮಾಡುವುದು. ಮೆಟ್ರೊ 2021ರ ಆಗಸ್ಟ್‌ನಲ್ಲಿ ಕೆಂಗೇರಿಗೆ, 2023ರ ಅಕ್ಟೋಬರ್‌ನಲ್ಲಿ ಚಲ್ಲಘಟ್ಟಕ್ಕೆ ಬಂತು. ನಿಲ್ದಾಣದ ಸುತ್ತಲಿನ ಒಂದು ಕಿಲೋಮೀಟರಿನಲ್ಲಿ ಒಳ್ಳೆಯ ಫುಟ್‌ಪಾತು, ಬೀದಿದೀಪ, ಅಂಗಡಿ, ಸಾಧಾರಣ ಜನರ ಕೈಗೆಟುಕುವ ಚಿಕ್ಕ ಮನೆಗಳು ಬಂದರೆ ಪ್ರತಿ ನಿಲ್ದಾಣವೂ ಒಂದು ಪುಟ್ಟ ಗಾಂಧಿಬಜಾರು ಆಗಬಹುದು. ಸಾವಿರಾರು ಕೋಟಿ ಖರ್ಚು ಮಾಡಿ ರೈಲು ತಂದು, ಕೊನೆಯ ಒಂದು ಕಿಲೋಮೀಟರಿನಲ್ಲಿ ಜನರನ್ನು ಕೆಸರಿಗೆ ಇಳಿಸುವುದು ಯಾವ ಎಂಜಿನಿಯರಿಂಗ್?

ಗದ್ದಲದ ಬೀದಿಯಲ್ಲಿ ಕಷ್ಟವೂ ಇದೆ. ಗಣೇಶನ ಹಬ್ಬದ ಮೈಕು, ಮನೆ ಮುಂದೆ ಯಾರೋ ನಿಲ್ಲಿಸಿದ ಗಾಡಿ, ಸಂಜೆಯ ಹೊಗೆ. ಫುಟ್‌ಪಾತ್ ಮೇಲೆ ಗಾಡಿ ಇಟ್ಟವರನ್ನು ಬೈಯುವ ಅಪ್ಪನೇ ರಾತ್ರಿ ಅಲ್ಲಿಂದಲೇ ಸೊಪ್ಪು ತರುತ್ತಾರೆ. ವ್ಯಾಪಾರ ನಡೆಸುವ ಜಾಗವನ್ನು ಗುರುತಿಸಿ ಪ್ರಮಾಣಪತ್ರ ಕೊಡಬೇಕೆಂದು 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯೇ ಹೇಳುತ್ತದೆ. ಸರಿಯಾಗಿ ಮಾಡಿದರೆ ನಡೆಯುವವರಿಗೂ ಜಾಗ, ಮಾರುವವರಿಗೂ ಜಾಗ. ವ್ಯಾಪಾರಿಗಳನ್ನು ಎಬ್ಬಿಸಿ ಬೀದಿ ‘ಸ್ವಚ್ಛ’ ಮಾಡಿದರೆ, ರಾತ್ರಿ ಎಂಟೂವರೆಗೆ ನನ್ನನ್ನು ವಿಚಾರಿಸುವವರು ಯಾರೂ ಉಳಿಯುವುದಿಲ್ಲ.

ಮನೆ ಕೊಳ್ಳುವವರ ಹತ್ತಿರ ಒಂದು ಪಟ್ಟಿ ಇರುತ್ತದೆ: ಖಾತಾ, ಇಸಿ, ಓಸಿ, ಕಾವೇರಿ ನೀರು, ವಾಸ್ತು. ಅದಕ್ಕೆ ಇನ್ನೊಂದು ಸಾಲು ಸೇರಿಸಿ ಎಂಬುದು ನನ್ನ ಕೋರಿಕೆ. ನಾವು ಮನೆಯಲ್ಲಿ ಅದಕ್ಕೆ ‘ಮೊಸರಿನ ಪರೀಕ್ಷೆ’ ಎಂದು ಹೆಸರಿಟ್ಟಿದ್ದೇವೆ. ಹತ್ತು ವರ್ಷದ ಮಗುವೋ, ಎಪ್ಪತ್ತು ವರ್ಷದ ಅಜ್ಜಿಯೋ ಒಬ್ಬರೇ ಮನೆಯಿಂದ ಹೊರಟು, ನಡೆದು ಹೋಗಿ, ಅರ್ಧ ಲೀಟರ್ ಮೊಸರು ಕೊಂಡು ಹುಷಾರಾಗಿ ವಾಪಸ್ ಬರಬಹುದೇ? ಬರಬಹುದು ಎಂದಾದರೆ ಆ ಮನೆ ಚಿಕ್ಕದಾದರೂ ದೊಡ್ಡದೇ. ಬೀದಿಯೂ ಆ ಮನೆಯ ಒಂದು ಕೋಣೆ. ಸಾಧ್ಯವಾದರೆ ಹಗಲಲ್ಲಿ ಒಮ್ಮೆ, ಕತ್ತಲಾದ ಮೇಲೆ ಒಮ್ಮೆ ನಡೆದು ನೋಡಿ.

ಕಳೆದ ಭಾನುವಾರ ನಾವು ಕೆಂಗೇರಿಯಲ್ಲಿ ಈ ಪರೀಕ್ಷೆ ಮಾಡಿದೆವು. ಅಜ್ಜಿ ಒಬ್ಬರೇ ಮೆಟ್ಟಿಲಿಳಿದು ಹೋದರು. ಕಾಲು ಗಂಟೆಯಲ್ಲಿ ಬರಬೇಕಾದವರು ಮುಕ್ಕಾಲು ಗಂಟೆಯಾದರೂ ಬರಲಿಲ್ಲ. ಅಪ್ಪ ಗಾಬರಿಯಿಂದ ಹುಡುಕಿಕೊಂಡು ಹೊರಟರೆ, ಅವರು ದೇವಸ್ಥಾನದ ಕಟ್ಟೆಯ ಮೇಲೆ ಅದೇ ಬೀದಿಯ ಇನ್ನೊಬ್ಬ ಅಜ್ಜಿಯ ಜೊತೆ ಮಾತಾಡುತ್ತಾ ಕೂತಿದ್ದರು. ಪಕ್ಕದಲ್ಲಿ ಮೊಸರಿನ ಪ್ಯಾಕೆಟ್ಟು.

ಅಪ್ಪ ಇನ್ನೂ ಅಡ್ವಾನ್ಸ್ ಕೊಟ್ಟಿಲ್ಲ. ಆದರೆ ವಾಪಸ್ ಬರುವಾಗ ಮೆಟ್ರೊದಲ್ಲಿ ‘ಆ ಬಾತ್‌ರೂಮ್ ಟೈಲ್ಸ್ ಬದಲಾಯಿಸೋಕ್ಕೆ ಎಷ್ಟಾಗಬಹುದು ಪುಟ್ಟಿ?’ ಎಂದು ಕೇಳಿದರು. ನಾನು ಸಿವಿಲ್ ಎಂಜಿನಿಯರಿಂಗ್ ಓದುತ್ತಿರುವುದು ಮೊದಲ ಸಲ ಮನೆಯ ಉಪಯೋಗಕ್ಕೆ ಬಂತು.