ತೋಳಿನ ಸೆನ್ಸರ್ ಪೋಡಿಗೂ ಬರಲಿ

ಗುಂಡ್ಲುಪೇಟೆ ಸೀಮೆಯಲ್ಲಿ ಅರಿಶಿನ ಕೀಳುವ, ಚೆಂಡುಹೂ ಬಿಡಿಸುವ ಹೆಂಗಸರು ಹೊತ್ತು ಏರುವ ಮೊದಲೇ ಹೊಲಕ್ಕಿಳಿಯುತ್ತಾರೆ. ಸಕ್ಕರೆ ಕಾಯಿಲೆ ಇರುವವರು ಗ್ಲಿಮೆಪಿರೈಡ್ ಮಾತ್ರೆ ನುಂಗಿ ಅರೆಹೊಟ್ಟೆಯಲ್ಲೇ ಕೆಲಸಕ್ಕೆ ನಿಂತರೆ, ಹನ್ನೊಂದರ ಹೊತ್ತಿಗೆ ಮೈ ಬೆವೆತು, ಕೈ ನಡುಗಿ, ಕಣ್ಣು ಕತ್ತಲೆ ಬರುವುದುಂಟು. ಬಿಸಿಲಿಗೆ ಹಾಗಾಯಿತೆಂದು ಮರದಡಿ ಕೂತು ಸುಧಾರಿಸಿಕೊಳ್ಳುತ್ತಾರೆ. ಆದರೆ ಅದು ರಕ್ತದ ಸಕ್ಕರೆ ಕುಸಿದ ಲಕ್ಷಣವೂ ಆಗಿರಬಹುದು. ತಿಂಗಳಿಗೊಮ್ಮೆ ಆಸ್ಪತ್ರೆಯಲ್ಲಿ ಖಾಲಿ ಹೊಟ್ಟೆಗೆ ಮಾಡುವ ಪರೀಕ್ಷೆಗೆ ಈ ಕುಸಿತ ಸಿಕ್ಕುವುದೇ ಇಲ್ಲ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಗೂ ಸಿಕ್ಕುವುದಿಲ್ಲ. ದಿನವಿಡೀ ಒಂದೇ ಸಮ ಇರುವವರ ಸರಾಸರಿಯೂ, 50ಕ್ಕೆ ಇಳಿದು 300ಕ್ಕೆ ಜಿಗಿಯುವವರ ಸರಾಸರಿಯೂ ಒಂದೇ ಆಗಿರಬಲ್ಲದು.

ತೋಳಿನ ಹಿಂಬದಿಗೆ ಅಂಟಿಸುವ ಸೆನ್ಸರ್‌ಗೆ ಈ ಏರಿಳಿತ ಕಾಣುತ್ತದೆ. ಅದರ ಸಣ್ಣ ತಂತು ಚರ್ಮದಡಿ ಇಳಿದು, ಜೀವಕೋಶಗಳ ನಡುವಿನ ದ್ರವದಲ್ಲಿರುವ ಗ್ಲೂಕೋಸನ್ನು ಹಗಲಿರುಳು ಅಳೆದು ಮೊಬೈಲಿಗೆ ಗೆರೆಯಾಗಿ ಕಳಿಸುತ್ತದೆ. ಅಮೆರಿಕದಲ್ಲಿ ಇಂಥ ಮೊದಲ ಸಾಧನಕ್ಕೆ ಅನುಮತಿ ಸಿಕ್ಕಿದ್ದು 1999ರಲ್ಲಿ. ಬೆರಳು ಚುಚ್ಚಿ ಹೊಂದಿಸುವ ಅಗತ್ಯವಿಲ್ಲದ, ಹದಿನಾಲ್ಕು ದಿನ ಬಾಳುವ ಫ್ರೀಸ್ಟೈಲ್ ಲಿಬ್ರೆ 2014ರಲ್ಲಿ ಯುರೋಪಿನ ಮಾರುಕಟ್ಟೆಗೆ ಬಂದಮೇಲೆ ಬಳಕೆ ಹಬ್ಬಿತು. ದಿನದ ಶೇ 70ರಷ್ಟು ಹೊತ್ತು ಸಕ್ಕರೆ 70ರಿಂದ 180 ಮಿಲಿಗ್ರಾಂ ನಡುವೆ ಇರಬೇಕು, 70ಕ್ಕಿಂತ ಕೆಳಗಿರುವ ಹೊತ್ತು ಶೇ 4ನ್ನು ಮೀರಬಾರದು ಎಂದು 2019ರಲ್ಲಿ ಅಂತರರಾಷ್ಟ್ರೀಯ ತಜ್ಞರು ಒಮ್ಮತಕ್ಕೆ ಬಂದರು. ಮುಪ್ಪಿನವರಿಗೆ ಈ ಮಿತಿಗಳು ಬೇರೆ.

2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಪ್ರಕಾರ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ. ಸೆನ್ಸರ್ ಸಿಗುತ್ತಿರುವುದು ಇವರಲ್ಲಿ ಕಾಸುಳ್ಳ ಕೆಲವರಿಗೆ ಮಾತ್ರ. ಒಂದಕ್ಕೆ ಐದು ಸಾವಿರ ರೂಪಾಯಿ ಆಸುಪಾಸು ಬೆಲೆ. 2025–26ರ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಅಂದರೆ ಹದಿನಾಲ್ಕು ದಿನದ ಸೆನ್ಸರ್‌ಗೆ ಹೆಚ್ಚುಕಡಿಮೆ ಹದಿನಾಲ್ಕು ದಿನದ ದುಡಿಮೆಯನ್ನೇ ಸುರಿಯಬೇಕು. ಹಾಗಾಗಿ ಇದು ಬೆಂಗಳೂರಿನ ಅನುಕೂಲಸ್ಥರ ವಸ್ತು, ಚಾಮರಾಜನಗರದಂಥ ಜಿಲ್ಲೆಗೆ ಕೊನೆಗೆ ಬಂದರೂ ನಡೆಯುತ್ತದೆ ಎಂಬ ಭಾವನೆ ಆಡಳಿತದಲ್ಲೂ ವೈದ್ಯಲೋಕದಲ್ಲೂ ಇದೆ. ವೈದ್ಯಕೀಯ ಅಗತ್ಯವನ್ನೇ ಅಳತೆಗೋಲಾಗಿ ಹಿಡಿದರೆ ಈ ಸರದಿ ತಲೆಕೆಳಗಾಗುತ್ತದೆ.

ಕಾರಣ ರಕ್ತದಲ್ಲೇ ಇದೆ. ಎಚ್‌ಬಿಎ1ಸಿ ಅಳೆಯುವುದು ಕೆಂಪು ರಕ್ತಕಣಕ್ಕೆ ಅಂಟಿದ ಸಕ್ಕರೆಯನ್ನು. ಆ ಕಣ ಸುಮಾರು 120 ದಿನ ಬದುಕುತ್ತದೆ ಎಂಬ ಲೆಕ್ಕದ ಮೇಲೆ ಪರೀಕ್ಷೆ ನಿಂತಿದೆ. ಬಿಳಿಗಿರಿರಂಗನಬೆಟ್ಟ, ಮಲೆಮಹದೇಶ್ವರ ಬೆಟ್ಟ, ಬಂಡೀಪುರದಂಚಿನ ಸೋಲಿಗರು ಮತ್ತು ಜೇನುಕುರುಬರಲ್ಲಿ ಸಿಕಲ್ ಸೆಲ್ ರಕ್ತಹೀನತೆ ಇರುವುದು ಬಹುಕಾಲದಿಂದ ಗೊತ್ತಿರುವ ಸಂಗತಿ. ಡಾ. ಎಚ್. ಸುದರ್ಶನ್ 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಈ ಕಾಯಿಲೆಯ ತಪಾಸಣೆ, ಆರೈಕೆಯಲ್ಲಿ ತೊಡಗಿದೆ. ಸಿಕಲ್ ಸೆಲ್ ಕಾಯಿಲೆಯವರ ರಕ್ತಕಣ ಹತ್ತಿಪ್ಪತ್ತು ದಿನಕ್ಕೇ ಸಾಯುತ್ತದೆ. ಸಕ್ಕರೆ ಅಂಟಲು ಅದಕ್ಕೆ ಕಾಲವೇ ಸಾಲದು. ರಕ್ತದ ಸಕ್ಕರೆ ಏರಿದ್ದರೂ ಪರೀಕ್ಷೆಯ ಅಂಕಿ ಇಳಿದೇ ಬರುತ್ತದೆ. ಕಾಯಿಲೆಯಿಲ್ಲದೆ ಆ ಗುಣವನ್ನಷ್ಟೇ ಹೊತ್ತವರಲ್ಲೂ, ಸಕ್ಕರೆ ಅಷ್ಟೇ ಇದ್ದರೂ ಎಚ್‌ಬಿಎ1ಸಿ ಕಡಿಮೆ ತೋರುತ್ತದೆ ಎಂದು ಅಮೆರಿಕದ ಆಫ್ರಿಕನ್ ಮೂಲದವರ ಕುರಿತು 2017ರಲ್ಲಿ ಜಾಮಾ ಪತ್ರಿಕೆಯಲ್ಲಿ ಬಂದ ಅಧ್ಯಯನ ಹೇಳಿತು.

ಕಬ್ಬಿಣದ ಅಂಶ ಕಡಿಮೆಯಾಗಿ ಬರುವ ರಕ್ತಹೀನತೆಯಲ್ಲಿ ಇದರ ಉಲ್ಟಾ ಆಗುತ್ತದೆ. ಅಲ್ಲಿ ಎಚ್‌ಬಿಎ1ಸಿ ಇಲ್ಲದ ಏರಿಕೆಯನ್ನು ತೋರಿಸುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ರಾಜ್ಯದ ಹೆಚ್ಚುಕಡಿಮೆ ಅರ್ಧದಷ್ಟು ಮಹಿಳೆಯರಿಗೆ ರಕ್ತಹೀನತೆ ಇದೆ. ಹೊಲದಲ್ಲಿ ದುಡಿಯುವ ಅಂಥ ಹೆಣ್ಣುಮಗಳ ಪರೀಕ್ಷೆ ಹುಸಿಯಾಗಿ ಏರಿ ಬಂದರೆ ಮಾತ್ರೆಯ ಪ್ರಮಾಣ ಹೆಚ್ಚುತ್ತದೆ, ಮಾತ್ರೆ ಹೆಚ್ಚಿದರೆ ದುಡಿಮೆಯ ನಡುವೆ ಸಕ್ಕರೆ ಕುಸಿಯುತ್ತದೆ. ಸೆನ್ಸರ್ ರಕ್ತಕಣದ ಗೊಡವೆಗೆ ಹೋಗದೆ ಗ್ಲೂಕೋಸನ್ನೇ ನೇರವಾಗಿ ಅಳೆಯುತ್ತದೆ. ಆದ್ದರಿಂದ ಸೋಲಿಗರ ಹಾಡಿಗಳಾದ ಪೋಡುಗಳಲ್ಲಿ, ರಕ್ತಹೀನತೆಯಿಂದ ಬಳಲುವ ಕೂಲಿಕಾರ ಹೆಂಗಸರಲ್ಲಿ ಅದು ಐಷಾರಾಮವಲ್ಲ. ವಾಡಿಕೆಯ ಪರೀಕ್ಷೆ ತಪ್ಪುವ ಕಡೆ ನಂಬಬಹುದಾದ ಪರೀಕ್ಷೆ.

ನಿತ್ಯದ ಬದುಕಿಗೂ ಅದರಿಂದ ಪಾಠವಿದೆ. ಮುದ್ದೆ ಉಂಡರೆ ಶುಗರ್ ಏರುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಪಾಲಿಶ್ ಅಕ್ಕಿಗಿಂತ ರಾಗಿಯಲ್ಲಿ ನಾರು ಹೆಚ್ಚು ಎಂಬುದು ನಿಜ. ಆದರೆ ನುಣ್ಣಗೆ ಬೀಸಿದ ಹಿಟ್ಟಿನ ದೊಡ್ಡ ಮುದ್ದೆಯಲ್ಲೂ ಪಿಷ್ಟ ಪಿಷ್ಟವೇ. ಬರೀ ಉಪ್ಸಾರಿನಲ್ಲಿ ಎರಡು ಮುದ್ದೆ ಉಂಡಾಗ, ಒಂದೇ ಮುದ್ದೆಗೆ ಹುರುಳಿಕಾಳೋ ಸೊಪ್ಪಿನ ಪಲ್ಯವೋ ಜೊತೆಯಾದಾಗ ತಮ್ಮ ಮೈಯಲ್ಲಿ ಏನಾಗುತ್ತದೆ ಎಂಬುದನ್ನು ಗೆರೆ ನೋಡಿ ತಾವೇ ತಿಳಿಯಬಹುದು. ಶಿವರಾತ್ರಿಗೆ ಉಪವಾಸವಿದ್ದು ತಾಳಬೆಟ್ಟದಿಂದ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವ ಭಕ್ತರಲ್ಲಿ ಇನ್ಸುಲಿನ್ ಚುಚ್ಚಿಕೊಳ್ಳುವವರೂ ಇರುತ್ತಾರೆ. ಸಕ್ಕರೆ ಇಳಿಯತೊಡಗಿದೊಡನೆ ಎಚ್ಚರಿಸುವ ಸೆನ್ಸರ್ ಅಂಥ ಹಾದಿಯಲ್ಲಿ ಜೀವ ಉಳಿಸಬಲ್ಲದು.

ಎಲ್ಲರಿಗಿಂತ ಮೊದಲ ಹಕ್ಕು ಟೈಪ್ 1 ಮಧುಮೇಹದ ಮಕ್ಕಳದು. ಅವರ ದೇಹದಲ್ಲಿ ಇನ್ಸುಲಿನ್ ಇಲ್ಲ. ಚುಚ್ಚುಮದ್ದು ತುಸು ಹೆಚ್ಚಾದರೆ ನಿದ್ದೆಯಲ್ಲೇ ಸಕ್ಕರೆ ಕುಸಿಯಬಹುದು. ನಡುರಾತ್ರಿ ಎದ್ದು ಮಗುವಿನ ಬೆರಳು ಚುಚ್ಚುವ ತಾಯಂದಿರ ಆತಂಕ ಸಣ್ಣದಲ್ಲ. ಟೈಪ್ 1 ಇರುವ ಎಲ್ಲ ವಯಸ್ಕರಿಗೂ ಮಕ್ಕಳಿಗೂ ಸೆನ್ಸರ್ ನೀಡುವಂತೆ ಇಂಗ್ಲೆಂಡಿನ ನೈಸ್ ಸಂಸ್ಥೆ 2022ರಲ್ಲಿ ಶಿಫಾರಸು ಮಾಡಿತು. ಅಷ್ಟು ದೂರ ಹೋಗುವುದೂ ಬೇಡ. ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡು ಹಾದು ಮೂಲೆಹೊಳೆ ಚೆಕ್‌ಪೋಸ್ಟ್ ದಾಟಿದರೆ ವಯನಾಡು. ಅಲ್ಲಿನ ಮಕ್ಕಳಿಗೆ ಕೇರಳ ಸಾಮಾಜಿಕ ಸುರಕ್ಷಾ ಮಿಷನ್‌ನ 'ಮಿಠಾಯಿ' ಯೋಜನೆ ಇದೆ. ಇನ್ಸುಲಿನ್ ಪೆನ್ನು, ಪಂಪು, ನಿರಂತರ ಸಕ್ಕರೆ ಮಾಪಕ ಎಲ್ಲವೂ ಅದರ ವ್ಯಾಪ್ತಿಯಲ್ಲಿವೆ. ಕರ್ನಾಟಕವೂ ಇದೇ ಹಾದಿ ಹಿಡಿಯಬೇಕು.

ಹಾಗೆಂದು ಕಂಡಕಂಡವರ ತೋಳಿಗೆಲ್ಲ ಸೆನ್ಸರ್ ಅಂಟಿಸಬೇಕೆಂಬುದು ನನ್ನ ವಾದವಲ್ಲ. ಬೆರಳು ಚುಚ್ಚಿ ನೋಡುವ ಸ್ಟ್ರಿಪ್ಪೇ ಸಿಗದ ಆರೋಗ್ಯ ಕೇಂದ್ರಕ್ಕೆ ಮೊದಲು ಸ್ಟ್ರಿಪ್ ಬರಬೇಕು. ಸೆನ್ಸರ್‌ಗೂ ಮಿತಿಗಳಿವೆ. ಅದರ ಅಳತೆ ರಕ್ತಕ್ಕಿಂತ ಐದರಿಂದ ಹದಿನೈದು ನಿಮಿಷ ಹಿಂದಿರುತ್ತದೆ. ಆ ತೋಳಿನ ಮೇಲೆಯೇ ಮಗ್ಗಲಾಗಿ ಮಲಗಿದರೆ ಇಲ್ಲದ ಕುಸಿತ ತೋರಿಸುತ್ತದೆ. ವಿಟಮಿನ್ ಸಿ ಮಾತ್ರೆಯನ್ನು ಹೆಚ್ಚು ನುಂಗಿದರೆ ಕೆಲವು ಸೆನ್ಸರ್‌ಗಳ ಅಂಕಿ ಏರುಪೇರಾಗುತ್ತದೆ. ಮೈಗೂ ಅಂಕಿಗೂ ತಾಳೆಯಾಗದಾಗ ಬೆರಳು ಚುಚ್ಚಿಯೇ ನೋಡಬೇಕು. ಚರ್ಮ ಚುಚ್ಚದೆ ಸಕ್ಕರೆ ಅಳೆಯುತ್ತೇವೆಂದು ಆನ್‌ಲೈನಿನಲ್ಲಿ ಮಾರುವ ವಾಚು, ಉಂಗುರಗಳಲ್ಲಿ ಒಂದಕ್ಕೂ ಅನುಮತಿ ಇಲ್ಲವೆಂದು ಅಮೆರಿಕದ ಎಫ್‌ಡಿಎ 2024ರ ಫೆಬ್ರುವರಿಯಲ್ಲಿ ಎಚ್ಚರಿಸಿತು. ನಮ್ಮ ಜನ ಆ ಬಲೆಗೆ ಬೀಳಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಗೆರೆಯ ಅರ್ಥ ಬಿಡಿಸಿ ಹೇಳುವವರಿಲ್ಲದಿದ್ದರೆ ಸೆನ್ಸರ್ ಗಾಬರಿಯನ್ನಷ್ಟೇ ಕೊಡುತ್ತದೆ.

ಇದಕ್ಕೆ ಬೇಕಾದ ವ್ಯವಸ್ಥೆಯನ್ನು ಹೊಸದಾಗಿ ಕಟ್ಟಬೇಕಿಲ್ಲ. ಚಾಮರಾಜನಗರದಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಅದರ 450 ಹಾಸಿಗೆಯ ಆಸ್ಪತ್ರೆಯನ್ನು 2021ರ ಅಕ್ಟೋಬರ್‌ನಲ್ಲಿ ರಾಷ್ಟ್ರಪತಿಯವರೇ ಉದ್ಘಾಟಿಸಿದರು. ಗುಂಡ್ಲುಪೇಟೆಯಲ್ಲಿ ತಾಲ್ಲೂಕು ಆಸ್ಪತ್ರೆಯಿದೆ. ಮನೆಬಾಗಿಲಲ್ಲೇ ಬಿಪಿ, ಶುಗರ್ ತಪಾಸಿಸುವ 'ಗೃಹ ಆರೋಗ್ಯ' ಯೋಜನೆ 2024ರಲ್ಲಿ ಕೋಲಾರದಿಂದ ಶುರುವಾಗಿದೆ. ಟೈಪ್ 1 ಮಕ್ಕಳಿಗೆ ಸೆನ್ಸರನ್ನು ನಿರಂತರವಾಗಿ ಕೊಡಬೇಕು. ಉಳಿದವರಲ್ಲಿ ಸಿಕಲ್ ಸೆಲ್ ಇರುವವರು, ತೀವ್ರ ರಕ್ತಹೀನತೆಯವರು, ಇನ್ಸುಲಿನ್ ಪಡೆಯುವ ಗರ್ಭಿಣಿಯರು, ಪದೇಪದೇ ಶುಗರ್ ಲೋ ಆಗುವವರನ್ನು ಗುರುತಿಸಿ, ಹದಿನಾಲ್ಕು ದಿನದ ಒಂದು ಸೆನ್ಸರನ್ನು ತಾಲ್ಲೂಕು ಆಸ್ಪತ್ರೆಯಲ್ಲೇ ಹಾಕಿ ಕಳಿಸಬೇಕು. ದುಬಾರಿ ಮೊಬೈಲ್ ಇಲ್ಲದವರ ಗೆರೆಯನ್ನು ಆಸ್ಪತ್ರೆಯ ಉಪಕರಣದಲ್ಲಿ ಓದಬಹುದು. ಹಾಗೆ ಓದಿ, ಅವರ ಊಟ ದುಡಿಮೆಗೆ ತಕ್ಕಂತೆ ಮಾತ್ರೆಯ ಹೊತ್ತು ಬದಲಿಸುವುದನ್ನು ಸಮುದಾಯ ಆರೋಗ್ಯ ಅಧಿಕಾರಿಗಳಿಗೂ ವೈದ್ಯರಿಗೂ ಕಾಲೇಜು ಕಲಿಸಬೇಕು. ರಾಜ್ಯ ವೈದ್ಯಕೀಯ ಸರಬರಾಜು ನಿಗಮ ಸಗಟು ಟೆಂಡರ್ ಕರೆದರೆ ಬೆಲೆ ತಗ್ಗಿಸಲು ಕಂಪನಿಗಳೊಡನೆ ಚೌಕಾಸಿಗೂ ಬಲ ಬರುತ್ತದೆ.

ಆಯುಷ್ಮಾನ್ ಭಾರತ ವಿಮೆ ಆಸ್ಪತ್ರೆಗೆ ದಾಖಲಾದವರ ಖರ್ಚನ್ನು ಹೊರುತ್ತದೆ. ದಾಖಲಾಗದಂತೆ ಕಾಯುವ ಸಾಧನಕ್ಕೆ ಅದರಲ್ಲಿ ಜಾಗವಿಲ್ಲ. ಕೊಳೆತ ಕಾಲು ಕತ್ತರಿಸಲು, ಸೋತ ಮೂತ್ರಪಿಂಡಕ್ಕೆ ಡಯಾಲಿಸಿಸ್ ಮಾಡಲು ಹಣ ಒದಗಿಸುವ ಸರ್ಕಾರ, ಆ ಸ್ಥಿತಿ ಬಾರದಂತೆ ಹದಿನಾಲ್ಕು ದಿನದ ಒಂದು ಪರೀಕ್ಷೆಗೆ ಹಣವಿಲ್ಲ ಎನ್ನಲಾಗದು. ಮುಂದಿನ ಬಜೆಟ್ಟಿನಲ್ಲಿ ಇದಕ್ಕೊಂದು ಬಾಬತ್ತು ತೆರೆಯಲಿ. ಮೊದಲ ಜಿಲ್ಲೆ ಚಾಮರಾಜನಗರವಾಗಲಿ.