ಚಿತ್ತಾರದ ಎಳೆ ಕಲಸಿಹೋದದ್ದು ಪ್ರೆಸ್ಸಿನಲ್ಲಲ್ಲ

ಸಾಗರ, ಸೊರಬ ಕಡೆಯ ದೀವರ ಹೆಣ್ಣುಮಕ್ಕಳು ಬರೆಯುವ ಹಸೆ ಚಿತ್ತಾರ ಈಗ ಗೋಡೆಯಿಂದ ಇಳಿದು ಮದುವೆ ಕಾರ್ಡು, ಕ್ಯಾಲೆಂಡರು, ಬಟ್ಟೆ ಚೀಲಗಳ ಮೇಲೂ ಬಂದಿದೆ. ಸಂತೋಷ. ಆದರೆ ಅಚ್ಚಾದ ಕಾರ್ಡನ್ನು ಕೈಗೆತ್ತಿಕೊಂಡು ನೋಡಿದರೆ ಎಷ್ಟೋ ಸಲ ಬೇಸರವಾಗುತ್ತದೆ. ಕೆಮ್ಮಣ್ಣಿನ ಮೇಲೆ ಪುಂಡಿ ನಾರಿನ ಕುಂಚದಲ್ಲಿ, ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಎಳೆದ ನೂಲಿನಂಥ ಗೆರೆಗಳು ಕಾರ್ಡಿನಲ್ಲಿ ಮಬ್ಬಾಗಿರುತ್ತವೆ. ಕೆಂಪು ಬಿಳಿಯೊಳಗೆ ಸೋರಿದಂತೆ ಕಾಣುತ್ತದೆ.

ಬೈಗುಳ ತಿನ್ನುವುದು ಪ್ರೆಸ್ಸಿನವರು. ನನ್ನ ಪ್ರಕಾರ ಹಲವು ಸಲ ಕೆಟ್ಟಿರುವುದು ಅದಕ್ಕೂ ಮೊದಲು, ಚಿತ್ರ ವಾಟ್ಸಾಪ್‌ನಲ್ಲಿ ಜೆಪೆಗ್ ಆಗಿ ಹೊರಟಾಗಲೇ.

ಜೆಪೆಗ್ ಮಾಡುವ ಕೆಲಸವೇ ಕಣ್ಣಿಗೆ ಅಷ್ಟಾಗಿ ಗೊತ್ತಾಗದ ಮಾಹಿತಿಯನ್ನು ಎಸೆದು ಫೈಲು ಚಿಕ್ಕದು ಮಾಡುವುದು. ಸಾಮಾನ್ಯವಾಗಿ ಬಣ್ಣದ ವಿವರಕ್ಕೇ ಮೊದಲು ಕತ್ತರಿ. ಮುಖ, ಗದ್ದೆ, ಮೋಡದ ಫೋಟೊಗೆ ಇದರಿಂದ ತೊಂದರೆಯಿಲ್ಲ. ನಾವು ಪತ್ರಿಕೆಗೆ ದಿನಾ ಕಳಿಸುವುದೂ ಅದನ್ನೇ. ಕಡು ಕೆಂಪಿನ ಪಕ್ಕ ಸಣ್ಣ ಬಿಳಿ ಗೆರೆ ಇದ್ದರೆ ಮಾತ್ರ ಸಿಕ್ಕಿಬೀಳುತ್ತದೆ. ತೆರೆದು, ತಿದ್ದಿ, ಮತ್ತೆ ಸೇವ್ ಮಾಡಿದಂತೆಲ್ಲ ಇನ್ನಷ್ಟು ಸವೆಯುತ್ತದೆ. ಎ4 ಅಳತೆಯ ಒಳ್ಳೆಯ ಅಚ್ಚಿಗೆ ಇಂಚಿಗೆ 300ರಂತೆ 2480×3508 ಪಿಕ್ಸೆಲ್ ಬೇಕು. ವಾಟ್ಸಾಪ್‌ನಲ್ಲಿ ಮಾಮೂಲಿ ಫೋಟೊ ಆಗಿ ಹೋದದ್ದರಲ್ಲಿ ಅಷ್ಟು ಉಳಿದಿರುವುದಿಲ್ಲ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಇದ್ದದ್ದು ಇದ್ದ ಹಾಗೇ ಹೋಗುತ್ತದೆ, ಅಷ್ಟೂ ಯಾರೂ ಹೇಳಿಕೊಡುವುದಿಲ್ಲ.

"ಜೆಪೆಗ್ ಸಾಕು ಸಾರ್, ನಡೀತದೆ" ಎನ್ನುವವರಿದ್ದಾರೆ. ಸರ್ಕಲ್‌ನಲ್ಲಿ ಕಟ್ಟುವ ಫ್ಲೆಕ್ಸಿಗೆ ನಡೆಯುತ್ತದೆ, ಅದನ್ನು ಯಾರೂ ಮೂಗಿನ ಹತ್ತಿರ ಹಿಡಿದು ನೋಡುವುದಿಲ್ಲ. ಕಾರ್ಡನ್ನು ನೋಡುತ್ತಾರೆ.

ಚಿತ್ತಾರವನ್ನು ಸ್ಕ್ಯಾನ್ ಮಾಡಿಸಿದ ಮೇಲೆ ಮೂಲ ಪ್ರತಿ ಟಿಫ್ ಆಗಿಯೇ ಇರಲಿ. ಎ4ಗೆ ಸುಮಾರು 26 ಎಂಬಿ ಆಗುತ್ತದೆ, ಪೆನ್‌ಡ್ರೈವಿಗೆ ಅದೇನೂ ಭಾರವಲ್ಲ. ಪಿಎನ್‌ಜಿ ಕೂಡ ಏನನ್ನೂ ಎಸೆಯುವುದಿಲ್ಲ, ಆದರೆ ಅಚ್ಚಿನ ನಾಲ್ಕು ಬಣ್ಣಗಳ ಲೆಕ್ಕ ಅದಕ್ಕಿಲ್ಲ. ಪ್ರೆಸ್ಸಿನಲ್ಲಿ ಬದಲಿಸುವಾಗ ಕೆಮ್ಮಣ್ಣಿನ ಕೆಂಪು ಬೇರೆಯೇ ಆಗಬಹುದು. ಹಾಗಾಗಿ ಯಾವ ಫೈಲು ಕೊಟ್ಟರೂ ಒಂದು ಪ್ರೂಫ್ ತೆಗೆಸಿ ನೋಡಲೇಬೇಕು.

ಅಕ್ಷರವೂ ಇರುವ ಕಾರ್ಡಿಗೆ ಪಿಡಿಎಫ್ಫೇ ಸರಿ. ಕೋರೆಲ್ ಫೈಲನ್ನು ಹಾಗೇ ಕೊಟ್ಟರೆ, ಅಲ್ಲಿ ನಿಮ್ಮ ನುಡಿ ಫಾಂಟ್ ಇಲ್ಲದಿದ್ದಾಗ ವಧೂವರರ ಹೆಸರೇ ಚಿತ್ರಲಿಪಿಯಾಗುತ್ತದೆ. ಅಕ್ಷರಗಳನ್ನು ಕರ್ವ್ಸ್ ಮಾಡಿಸಿ, ಒತ್ತಕ್ಷರ ಒಂದೊಂದನ್ನೂ ಓದಿ, ಆಮೇಲೆ ಪಿಡಿಎಫ್ ತೆಗೆಸಿ.

ಚೀಲದ ಸ್ಕ್ರೀನ್ ಪ್ರಿಂಟಿಗೆ ಟ್ರೇಸ್ ಮಾಡಿ ವೆಕ್ಟರ್ ಮಾಡುತ್ತಾರೆ. ಎಷ್ಟು ದೊಡ್ಡದು ಮಾಡಿದರೂ ಅಂಚು ಒಡೆಯದು, ನಿಜ. ಆದರೆ ಕಂಪ್ಯೂಟರ್ ತಾನಾಗಿ ಟ್ರೇಸ್ ಮಾಡಿದಾಗ ಕೈಗೆರೆಯ ಸಣ್ಣ ನಡುಕ, ಏರುಪೇರು ಮಾಯವಾಗಿ ಚಿತ್ತಾರ ಟೈಲ್ಸ್ ಡಿಸೈನಿನಂತಾಗುವುದುಂಟು. ಅದಕ್ಕೆ ನನ್ನ ತಕರಾರಿದೆ. ಬರೆದ ಅಕ್ಕನನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಟ್ರೇಸ್ ಮಾಡಲಿ.

ಇನ್ನೊಂದು, ದುಡ್ಡಿನ ಮಾತು. ಡಿಟಿಪಿ ಅಂಗಡಿಯಲ್ಲಿ ಡಿಸೈನಿಗೆಂದು ಹಣ ಕೊಟ್ಟರೂ ಫೈಲು ಕೇಳಿದರೆ ಮುಖ ಸಿಂಡರಿಸುತ್ತಾರೆ. ಮುಂದಿನ ಸಲ ಬೇರೆ ಕಡೆ ಹೋಗುತ್ತೀರೆಂಬ ಭಯ. ಚಿತ್ರ ಬರೆದವರ ಹತ್ತಿರ ಕೊನೆಗೆ ಉಳಿಯುವುದು ಫೋನಿನಲ್ಲಿರುವ ಆ ಮಬ್ಬು ಫೋಟೊ ಮಾತ್ರ. ಅಡ್ವಾನ್ಸ್ ಕೊಡುವಾಗಲೇ ಟಿಫ್ ಮತ್ತು ಪಿಡಿಎಫ್ ಎರಡೂ ನಮಗೆ ಬೇಕೆಂದು ಬಿಲ್ಲಿನ ಮೇಲೆ ಬರೆಸಿಕೊಳ್ಳಿ.